ರೇಡಿಯೇಷನ್ ಶುರುವಾಗುವ ಮುನ್ನ: ಭಯ ತಗ್ಗಿಸಿಕೊಳ್ಳಲು ತಿಳಿದಿರಬೇಕಾದದ್ದು

ಸುಡುತ್ತದೆಯೇ? ಕರೆಂಟ್ ಹೊಡೆದಂತೆ ಆಗುತ್ತದೆಯೇ? ಮನೆಗೆ ಬಂದ ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ? ಕೋಣೆಯೊಳಗೆ ಒಬ್ಬರನ್ನೇ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರಂತೆ, ನಿಜವೇ? ಕ್ಯಾನ್ಸರಿಗೆ ರೇಡಿಯೇಷನ್ ಕೊಡಬೇಕೆಂದು ವೈದ್ಯರು ಹೇಳಿದ ದಿನದಿಂದ ಮೊದಲ ಸಿಟ್ಟಿಂಗ್‌ವರೆಗೆ (ಒಂದು ಸಲದ ಚಿಕಿತ್ಸೆಗೆ ಒಂದು ಸಿಟ್ಟಿಂಗ್ ಎನ್ನುತ್ತಾರೆ) ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ನಿಮಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. ಆತಂಕ ಸಾಮಾನ್ಯವಾಗಿ ತುತ್ತತುದಿಯಲ್ಲಿರುವುದು ಚಿಕಿತ್ಸೆ ಶುರುವಾಗುವ ಮೊದಲೇ. ಸಿಟ್ಟಿಂಗ್‌ಗಳು ನಡೆಯುತ್ತ ಹೋದಂತೆ ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ತಿಳಿವಳಿಕೆ ಬೇಕಾದದ್ದು ಮುಂಚೆಯೇ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಸಿಕ್ಕರೆ ಪ್ರಯೋಜನವಿಲ್ಲ. ಮಾಹಿತಿಯಲ್ಲಿ ಎರಡು ಬಗೆ. ಸಿಬ್ಬಂದಿ ಏನು ಮಾಡುತ್ತಾರೆ ಎಂಬುದು ಒಂದು. ಆಗ ನಿಮ್ಮ ಮೈಗೆ, ಕಿವಿಗೆ, ಕಣ್ಣಿಗೆ ಏನು ಅನುಭವವಾಗುತ್ತದೆ ಎಂಬುದು ಇನ್ನೊಂದು. ಆಸ್ಪತ್ರೆಯ ಕರಪತ್ರಗಳಲ್ಲಿ ಮೊದಲನೆಯದು ಧಾರಾಳವಾಗಿ ಸಿಗುತ್ತದೆ. ಭಯವನ್ನು ನಿಜಕ್ಕೂ ಇಳಿಸುವ ಎರಡನೆಯದನ್ನು ಸಾಮಾನ್ಯವಾಗಿ ಕೇಳಿಯೇ ಪಡೆಯಬೇಕು. ಹಾಗಾಗಿ ಕೆಳಗಿನ ಹಂತಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾಗುವ ಸಾಮಗ್ರಿ ಇಷ್ಟೇ: ಒಂದು ನೋಟ್‌ಪುಸ್ತಕ, ಹಳೆಯ ವರದಿಗಳ ಕಡತ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ, ರೇಡಿಯೇಷನ್ ವಿಭಾಗದ ದೂರವಾಣಿ ಸಂಖ್ಯೆ, ಮತ್ತು ವೈದ್ಯರ ಮಾತನ್ನು ನಿಮ್ಮೊಂದಿಗೆ ಕೂತು ಕೇಳಬಲ್ಲ ಒಬ್ಬರು. ಗಾಬರಿಯಲ್ಲಿರುವಾಗ ಕೇಳಿದ್ದರಲ್ಲಿ ಬಹುಪಾಲು ತಲೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಜೊತೆ ಕಿವಿ ಬೇಕೇ ಬೇಕು.

ಹಂತ 1: ಭಯಗಳನ್ನು ಬರೆದು ಬೇರ್ಪಡಿಸಿ

ಮನಸ್ಸಿಗೆ ಬಂದದ್ದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆಯಿರಿ. ಪ್ರಶ್ನೆ ಬಾಲಿಶ ಅನ್ನಿಸಿದರೂ ಬಿಡಬೇಡಿ. ಆಮೇಲೆ ಎರಡು ಗುಂಪು ಮಾಡಿ. ಯಾರಾದರೂ ಉತ್ತರಿಸಬಹುದಾದವು ಒಂದು ಕಡೆ: ನೋವಾಗುತ್ತದೆಯೇ, ಎಷ್ಟು ಹೊತ್ತು, ಕೂದಲು ಹೋಗುತ್ತದೆಯೇ. ಯಾರೂ ಖಚಿತವಾಗಿ ಉತ್ತರಿಸಲಾರದವು ಇನ್ನೊಂದು ಕಡೆ: ರೋಗ ಮರಳಿ ಬರುತ್ತದೆಯೇ, ನನಗೇ ಏಕೆ ಹೀಗಾಯಿತು. ಮೊದಲ ಗುಂಪನ್ನು ಮಾಹಿತಿಯಿಂದ ಕರಗಿಸಬಹುದು. ಎರಡನೆಯದಕ್ಕೆ ಮಾಹಿತಿ ಹುಡುಕುತ್ತ ಹೋದರೆ ಭಯ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಮಾತಾಡಲು ಒಬ್ಬ ಮನುಷ್ಯ.

ಮೊದಲ ಗುಂಪಿನಲ್ಲಿ ಬಹುತೇಕ ಎಲ್ಲರೂ ಬರೆಯುವ ಕೆಲವಕ್ಕೆ ಇಲ್ಲೇ ಉತ್ತರ ಕೊಡಬಹುದು.

ಹೆಚ್ಚಿನ ರೋಗಿಗಳಿಗೆ ರೇಡಿಯೇಷನ್ ಕೊಡುವುದು ಲಿನಿಯರ್ ಆಕ್ಸಿಲರೇಟರ್ ಎಂಬ ಯಂತ್ರ. ವಿಭಾಗದವರು ಇದನ್ನು ಚಿಕ್ಕದಾಗಿ ಲಿನಾಕ್ ಎನ್ನುತ್ತಾರೆ. ವಿದ್ಯುತ್ತಿನ ನೆರವಿನಿಂದ ಎಲೆಕ್ಟ್ರಾನುಗಳಿಗೆ ಭಾರಿ ವೇಗ ಕೊಟ್ಟು, ಲೋಹದ ಬಿಲ್ಲೆಗೆ ಅಪ್ಪಳಿಸುವಂತೆ ಮಾಡಿ, ಶಕ್ತಿಶಾಲಿ ಎಕ್ಸ್-ರೇಗಳನ್ನು ಹುಟ್ಟಿಸುವುದು ಅದರ ಕೆಲಸ. ಆ ಕಿರಣಗಳು ಜೀವಕೋಶದೊಳಗಿನ ಡಿಎನ್ಎಯನ್ನು ತುಂಡರಿಸುತ್ತವೆ. ಆರೋಗ್ಯವಂತ ಕೋಶಗಳು ಆ ಹಾನಿಯನ್ನು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಒಟ್ಟು ಪ್ರಮಾಣವನ್ನು ಅನೇಕ ದಿನಗಳಿಗೆ ಹಂಚಿ ಕೊಡುವುದು ಈ ಕಾರಣಕ್ಕೇ.

ಕಿರಣ ಹಾಯುವಾಗ ನೋವಿಲ್ಲ, ಬಿಸಿಯಿಲ್ಲ, ಶಾಕ್ ಇಲ್ಲ. ಎದೆಯ ಎಕ್ಸ್-ರೇ ತೆಗೆಸುವಾಗ ಏನು ಅನ್ನಿಸುತ್ತದೆಯೋ ಅಷ್ಟೇ. ಯಂತ್ರ ನಿಂತ ಕ್ಷಣವೇ ಕಿರಣವೂ ಇಲ್ಲ. ಸ್ವಿಚ್ ಆರಿಸಿದ ಮೇಲೆ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯದ ಹಾಗೆ, ನಿಮ್ಮ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯ ಪಕ್ಕ ಕೂರಬಹುದು, ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು. ಕೂದಲು ಉದುರುವುದು ಕಿರಣ ಹಾಯುವ ಜಾಗದಲ್ಲಿ ಮಾತ್ರ: ತಲೆಗೆ ಕೊಟ್ಟರೆ ತಲೆಯದು, ಹೊಟ್ಟೆಗೆ ಕೊಟ್ಟರೆ ತಲೆಗೂದಲಿಗೆ ಏನೂ ಆಗುವುದಿಲ್ಲ. ಕೀಮೋಥೆರಪಿಯೂ ಜೊತೆಗಿದ್ದರೆ ಅದರ ಲೆಕ್ಕ ಬೇರೆ.

ಎಚ್ಚರಿಕೆ: ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಮಾತು ಹೊರಗಿನಿಂದ ಕೊಡುವ ರೇಡಿಯೇಷನ್‌ಗೆ ಅನ್ವಯ. ಬ್ರೇಕಿಥೆರಪಿಯಲ್ಲಿ, ಅಂದರೆ ವಿಕಿರಣದ ಮೂಲವನ್ನು ದೇಹದೊಳಗೇ ಇಡುವ ವಿಧಾನದಲ್ಲಿ, ಮೂಲವನ್ನು ಹೊರತೆಗೆದ ಮೇಲೆ ಏನೂ ಉಳಿಯದು. ಆದರೆ ಸಣ್ಣ ಕಾಳುಗಳನ್ನು ಒಳಗೇ ಶಾಶ್ವತವಾಗಿ ಬಿಡುವ ಪದ್ಧತಿಯೂ ಇದೆ. ಥೈರಾಯ್ಡ್ ಕ್ಯಾನ್ಸರಿಗೆ ಬಾಯಿಯ ಮೂಲಕ ವಿಕಿರಣಶೀಲ ಅಯೋಡಿನ್ ಕೊಡುವುದೂ ಇದೆ. ಈ ಎರಡರಲ್ಲೂ ಕೆಲವು ಕಾಲ ಮಕ್ಕಳಿಂದ, ಗರ್ಭಿಣಿಯರಿಂದ ಅಂತರ ಇಟ್ಟುಕೊಳ್ಳಬೇಕಾಗುತ್ತದೆ. ನಿಮ್ಮದು ಯಾವುದು ಎಂದು ಮೊದಲೇ ಕೇಳಿ ಬರೆದುಕೊಳ್ಳಿ.

ಹಂತ 2: ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು, ಹೇಳಬೇಕಾದದ್ದು

ಕೇಳಬೇಕಾದ ಮೊದಲ ಪ್ರಶ್ನೆ: ಈ ಚಿಕಿತ್ಸೆಯ ಗುರಿ ಏನು? ರೋಗವನ್ನು ಗುಣಪಡಿಸುವುದೋ, ಶಸ್ತ್ರಚಿಕಿತ್ಸೆಯ ನಂತರ ಉಳಿದಿರಬಹುದಾದ ಕೋಶಗಳನ್ನು ನಾಶಮಾಡುವುದೋ, ನೋವು ಕಡಿಮೆ ಮಾಡುವುದೋ? ಉತ್ತರ ಕೇಳಲು ಧೈರ್ಯ ಬೇಕು, ನಿಜ. ಆದರೆ ಗುರಿ ಗೊತ್ತಿಲ್ಲದೆ ವಾರಗಟ್ಟಲೆ ಓಡಾಡುವುದು ಅದಕ್ಕಿಂತ ಕಷ್ಟ. ಉಳಿದವು: ಎಷ್ಟು ಸಿಟ್ಟಿಂಗ್? ಯಾವ ಭಾಗಕ್ಕೆ? ನನ್ನ ವಿಷಯದಲ್ಲಿ ಯಾವ ಅಡ್ಡಪರಿಣಾಮ ಸಾಮಾನ್ಯ, ಯಾವುದು ಅಪರೂಪ, ಯಾವುದು ವರ್ಷಗಳ ನಂತರ ಬರಬಹುದು?

ಇಲ್ಲೊಂದು ದೊಡ್ಡ ಗುಂಡಿ ಇದೆ. ಪಕ್ಕದ ಕುರ್ಚಿಯವರಿಗೆ ಹದಿನೈದು ಸಿಟ್ಟಿಂಗ್, ನಿಮಗೆ ಮೂವತ್ತೈದು ಎಂದಾಕ್ಷಣ ನಿಮ್ಮ ರೋಗ ಹೆಚ್ಚು ಕೆಟ್ಟದ್ದು ಎಂದು ಲೆಕ್ಕ ಹಾಕಬೇಡಿ. ರೇಡಿಯೇಷನ್ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಸ್ತನ ಕ್ಯಾನ್ಸರಿನಲ್ಲಿ 15 ಸಿಟ್ಟಿಂಗ್‌ಗಳಲ್ಲಿ 40 ಗ್ರೇ ಕೊಡುವ ಪದ್ಧತಿ ಇದೆ, ಐದೇ ಸಿಟ್ಟಿಂಗ್‌ಗಳಲ್ಲಿ 26 ಗ್ರೇ ಕೊಡುವುದೂ ಇದೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ 35 ಸಿಟ್ಟಿಂಗ್‌ಗಳಲ್ಲಿ 70 ಗ್ರೇ ಕೊಡುವ ಪದ್ಧತಿ ಹಳೆಯದು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಎಷ್ಟೋ ಬಾರಿ 8 ಗ್ರೇ, ಒಂದೇ ಸಿಟ್ಟಿಂಗ್. ಸಂಖ್ಯೆಯನ್ನು ನಿರ್ಧರಿಸುವುದು ಅಂಗ, ಗುರಿ ಮತ್ತು ಸುತ್ತಲಿನ ಆರೋಗ್ಯವಂತ ಭಾಗಗಳು. ರೋಗದ ಗಂಭೀರತೆಗೆ ಅದು ಅಳತೆಗೋಲಾಗದು.

ನೀವಾಗಿಯೇ ಹೇಳಬೇಕಾದವು: ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ, ಹಿಂದೆ ಎಂದಾದರೂ ರೇಡಿಯೇಷನ್ ಆಗಿದ್ದರೆ, ಗರ್ಭ ಧರಿಸಿರುವ ಸಾಧ್ಯತೆ ಇದ್ದರೆ, ಮುಂದೆ ಮಕ್ಕಳಾಗಬೇಕೆಂಬ ಇಚ್ಛೆ ಇದ್ದರೆ, ಬೇರೆ ಪದ್ಧತಿಯ ಔಷಧಿ ಅಥವಾ ಹೆಚ್ಚು ಪ್ರಮಾಣದ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ. ಬೈದುಬಿಡುತ್ತಾರೆಂದು ಈ ಕೊನೆಯದನ್ನು ಮುಚ್ಚಿಡುವವರು ಬಹಳ. ಮುಚ್ಚಿಡಬೇಡಿ. ಧೂಮಪಾನವನ್ನೂ ಅಷ್ಟೇ, ಅದು ಚಿಕಿತ್ಸೆಯ ಪರಿಣಾಮವನ್ನು ತಗ್ಗಿಸುತ್ತದೆ, ಅಡ್ಡಪರಿಣಾಮವನ್ನು ಹೆಚ್ಚಿಸುತ್ತದೆ. ಬಾಯಿ, ಗಂಟಲಿಗೆ ರೇಡಿಯೇಷನ್ ಇದ್ದರೆ ದಂತವೈದ್ಯರ ಭೇಟಿ ಮೊದಲೇ ಆಗಲಿ. ಕೀಳಬೇಕಾದ ಹಲ್ಲುಗಳನ್ನು ಮುಂಚೆಯೇ ಕಿತ್ತು ಗಾಯ ಮಾಯಲು ಎರಡು ವಾರದಷ್ಟು ಸಮಯ ಕೊಡಬೇಕು, ಏಕೆಂದರೆ ರೇಡಿಯೇಷನ್ ಆದ ದವಡೆಯ ಮೂಳೆ ಆಮೇಲೆ ಸುಲಭವಾಗಿ ಮಾಯುವುದಿಲ್ಲ.

ಹಂತ 3: ಸಿಮ್ಯುಲೇಷನ್ ದಿನ

ಸಿಮ್ಯುಲೇಷನ್ ಎಂದರೆ ಚಿಕಿತ್ಸೆಯ ತಾಲೀಮು ಮತ್ತು ಅಳತೆ. ಅಂದು ಚಿಕಿತ್ಸೆ ಕೊಡುವುದಿಲ್ಲ. ಮುಂದೆ ದಿನವೂ ನೀವು ಯಾವ ಭಂಗಿಯಲ್ಲಿ ಮಲಗಬೇಕೋ ಅದೇ ಭಂಗಿಯಲ್ಲಿ ಮಲಗಿಸಿ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಜನ ಹೆಚ್ಚು ಬೆದರುವುದು ಈ ದಿನವೇ, ಏಕೆಂದರೆ ಎಲ್ಲವೂ ಹೊಸತು ಮತ್ತು ಯಾರೂ ಸರಿಯಾಗಿ ಹೇಳಿರುವುದಿಲ್ಲ.

ನಿಮಗಾಗುವ ಅನುಭವ ಹೀಗಿರುತ್ತದೆ. ಯಂತ್ರಗಳಿಗಾಗಿ ಕೋಣೆಯನ್ನು ತಂಪಾಗಿ ಇಟ್ಟಿರುತ್ತಾರೆ, ಚಳಿಯಾಗಬಹುದು; ಹೊದಿಕೆ ಕೇಳಿ. ಮಂಚ ಸಪಾಟು ಮತ್ತು ಗಟ್ಟಿ. ಮೈಮೇಲೆ ಕೆಂಪು ಅಥವಾ ಹಸಿರು ಬೆಳಕಿನ ಗೆರೆಗಳು ಬೀಳುತ್ತವೆ. ಇವು ಭಂಗಿಯನ್ನು ಸರಿಹೊಂದಿಸಲು ಬಳಸುವ ಲೇಸರ್ ಗೆರೆಗಳು, ಚಿಕಿತ್ಸೆಯ ಕಿರಣಗಳೆಂದು ತಿಳಿದು ಗಾಬರಿಯಾಗಬೇಡಿ. ಅವನ್ನು ದಿಟ್ಟಿಸಿ ನೋಡದಿದ್ದರೆ ಸಾಕು. ಸಿಬ್ಬಂದಿ ನಿಮ್ಮನ್ನು ಅತ್ತಿತ್ತ ಸ್ವಲ್ಪಸ್ವಲ್ಪವೇ ಸರಿಸುತ್ತಾರೆ, ನಿಮ್ಮ ತಲೆಯ ಮೇಲಿಂದಲೇ ಅಂಕಿಗಳನ್ನು ಕೂಗಿಕೊಳ್ಳುತ್ತಾರೆ. ಅದು ಅಳತೆಯ ಮಾತು, ನಿಮ್ಮ ರೋಗದ ಬಗ್ಗೆ ಚರ್ಚೆ ಅಂದುಕೊಳ್ಳಬೇಡಿ. ಅವರು ಸರಿಸುವಾಗ ನೀವೂ ಸಹಾಯ ಮಾಡಲು ಹೋಗಬೇಡಿ. ಮೈಯನ್ನು ಸಡಿಲ ಬಿಡಿ.

ಸ್ಕ್ಯಾನಿಗೆ ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಲು ಕೊಡುವ ದ್ರವವನ್ನು ಚುಚ್ಚಿದರೆ ಮೈಯೆಲ್ಲ ಬೆಚ್ಚಗಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ತಣ್ಣಗಾಗುತ್ತದೆ. ಮೂತ್ರಪಿಂಡದ ತೊಂದರೆ ಅಥವಾ ಅಲರ್ಜಿ ಇದ್ದರೆ ಚುಚ್ಚುವ ಮೊದಲೇ ಹೇಳಿ.

ತಲೆ, ಕುತ್ತಿಗೆಯ ಚಿಕಿತ್ಸೆ ಇರುವವರಿಗೆ ಮುಖವಾಡ ಮಾಡುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ವಸ್ತು ಇದು, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಥರ್ಮೋಪ್ಲಾಸ್ಟಿಕ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದು ಮಂಚಕ್ಕೆ ಸಿಕ್ಕಿಸುತ್ತಾರೆ. ತಾಗಿದಾಗ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ತಣಿದು ಗಟ್ಟಿಯಾಗುತ್ತದೆ, ಆಗ ಬಿಗಿ ಅನ್ನಿಸುತ್ತದೆ. ಹಾಳೆಯ ತುಂಬ ರಂಧ್ರಗಳಿರುವುದರಿಂದ ಮೂಗು, ಬಾಯಿ ಎರಡರಿಂದಲೂ ಉಸಿರಾಡಬಹುದು. ಮಾತಾಡುವುದು ಕಷ್ಟ, ಅದಕ್ಕೇ ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತೆಗೆದ ಮೇಲೆ ಕೆನ್ನೆ, ಹಣೆಯ ಮೇಲೆ ಜಾಲರಿಯ ಅಚ್ಚು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಇಕ್ಕಟ್ಟಿನ ಜಾಗದ ಭಯ ನಿಮಗಿದ್ದರೆ, ಲಿಫ್ಟಿನಲ್ಲೋ ಎಂಆರ್‌ಐ ಯಂತ್ರದಲ್ಲೋ ಉಸಿರು ಕಟ್ಟಿದ ಅನುಭವ ಆಗಿದ್ದರೆ, ಮಂಚದ ಮೇಲೆ ಮಲಗುವ ಮೊದಲೇ ಹೇಳಿ. ಮಲಗಿದ ಮೇಲೆ ಸಹಿಸಿಕೊಳ್ಳೋಣ ಎಂದು ಸುಮ್ಮನಿರುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಮೊದಲೇ ತಿಳಿದರೆ ಅವರು ಮುಖವಾಡವನ್ನು ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡಬಹುದು. ಭಂಗಿಗೆ ತೊಂದರೆ ಇಲ್ಲದಿದ್ದರೆ ಕಣ್ಣು, ಬಾಯಿಯ ಭಾಗವನ್ನು ಕತ್ತರಿಸಿ ತೆರವು ಮಾಡಬಹುದು. ಕೆಲವೆಡೆ ಮುಖ ತೆರೆದಿರುವ ಮುಖವಾಡಗಳೂ ಇವೆ. ಹಾಡು ಹಾಕಬಹುದು, ನಿಮಿಷಗಳನ್ನು ಎಣಿಸಿ ಹೇಳಬಹುದು, ಅಗತ್ಯ ಬಿದ್ದರೆ ವೈದ್ಯರು ಸೌಮ್ಯವಾದ ಶಮನಕಾರಿ ಮಾತ್ರೆ ಕೊಡಬಹುದು. ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳುವುದಾದರೆ ಹೀಗೆ ಮಾಡಿ: ಅಂಗಾತ ಮಲಗಿ, ಕಣ್ಣು ಮುಚ್ಚಿ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹತ್ತು ನಿಮಿಷ ಅಲುಗಾಡದೆ ಇರಲು ಕಲಿತರೆ ಅರ್ಧ ಕೆಲಸ ಆಯಿತು.

ಎದೆ, ಹೊಟ್ಟೆಯ ಚಿಕಿತ್ಸೆಗೆ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಕೆಲವೆಡೆ ಮಚ್ಚೆಯಷ್ಟು ಚಿಕ್ಕ ಹಚ್ಚೆಯ ಚುಕ್ಕೆ, ಕೆಲವೆಡೆ ಮಸಿಯ ಗೆರೆ. ಮಸಿ ಮಾಸುತ್ತ ಬಂದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಲು ಹೋಗಬೇಡಿ. ಅಳತೆ ತಪ್ಪುತ್ತದೆ. ವಿಭಾಗಕ್ಕೆ ಹೇಳಿದರೆ ಅವರೇ ಸರಿಮಾಡುತ್ತಾರೆ. ಪ್ರಾಸ್ಟೇಟ್ ಅಥವಾ ಗರ್ಭಕೊರಳಿನ ಚಿಕಿತ್ಸೆಯಾದರೆ ಮೂತ್ರಕೋಶ ಇಂತಿಷ್ಟು ತುಂಬಿರಲಿ ಎನ್ನುವುದುಂಟು. ಎಷ್ಟು ನೀರು, ಎಷ್ಟು ಹೊತ್ತು ಮುಂಚೆ ಎಂದು ಬರೆಸಿಕೊಳ್ಳಿ. ಎಡ ಸ್ತನದ ಚಿಕಿತ್ಸೆಯಲ್ಲಿ ದೀರ್ಘ ಉಸಿರೆಳೆದು ಹಿಡಿದಿಡಲು ಹೇಳಬಹುದು. ಹೃದಯ ಕಿರಣದ ದಾರಿಯಿಂದ ದೂರ ಸರಿಯಲಿ ಎಂದು ಹಾಗೆ ಮಾಡಿಸುತ್ತಾರೆ.

ಹಂತ 4: ಕಾಯುವ ದಿನಗಳು

ಸಿಮ್ಯುಲೇಷನ್ ಆದ ಮೇಲೆ ಕೆಲವು ದಿನಗಳಿಂದ ಎರಡು ವಾರಗಳವರೆಗೆ ಯಾರೂ ಕರೆಯದಿರಬಹುದು. ಮರೆತಿದ್ದಾರೆ ಎಂದುಕೊಳ್ಳಬೇಡಿ. ವೈದ್ಯರು ಸ್ಕ್ಯಾನಿನ ಒಂದೊಂದು ಪದರದ ಮೇಲೂ ಗೆಡ್ಡೆಯ ಮತ್ತು ಪಕ್ಕದ ಅಂಗಗಳ ಗಡಿಯನ್ನು ಗುರುತಿಸುತ್ತಿರುತ್ತಾರೆ. ವೈದ್ಯಕೀಯ ಭೌತವಿಜ್ಞಾನಿ, ಅಂದರೆ ಕಿರಣಗಳ ಪ್ರಮಾಣ ಮತ್ತು ದಿಕ್ಕನ್ನು ಲೆಕ್ಕ ಹಾಕುವ ತಜ್ಞರು, ಯೋಜನೆ ಸಿದ್ಧಪಡಿಸಿ ಪರೀಕ್ಷಿಸುತ್ತಿರುತ್ತಾರೆ. ಇಂತಿಷ್ಟು ದಿನದೊಳಗೆ ಕರೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿಟ್ಟುಕೊಂಡಿದ್ದರೆ ಅರ್ಧ ಚಡಪಡಿಕೆ ತಪ್ಪುತ್ತದೆ.

ಈ ದಿನಗಳಲ್ಲೇ ಜನ ಮೊಬೈಲ್ ಹಿಡಿದು ರಾತ್ರಿಯೆಲ್ಲ ಹುಡುಕುತ್ತಾರೆ. ಹುಡುಕಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಮೂರು ಕಟ್ಟುಪಾಡುಗಳನ್ನಾದರೂ ಹಾಕಿಕೊಳ್ಳಿ: ನಿಮ್ಮದೇ ಅಂಗದ ಕ್ಯಾನ್ಸರಿನ ಬಗ್ಗೆ ಮಾತ್ರ ಓದಿ, ಮಲಗುವ ಮುನ್ನ ಓದಬೇಡಿ, ಗಾಯಗಳ ಚಿತ್ರ ತೋರಿಸುವ ವಿಡಿಯೋಗಳನ್ನು ನೋಡಬೇಡಿ. ಎಷ್ಟು ತಿಳಿಯಬೇಕು ಎಂಬುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಕೆಲವರಿಗೆ ಎಲ್ಲ ಗೊತ್ತಾದರೆ ನೆಮ್ಮದಿ, ಕೆಲವರಿಗೆ ನಾಳೆ ಏನು ಎಂಬುದಷ್ಟೇ ಸಾಕು. ನೀವು ಎರಡನೆಯವರಾದರೆ ಅದರಲ್ಲಿ ತಪ್ಪಿಲ್ಲ. ಹಾಗೆಂದು ವೈದ್ಯರಿಗೆ ನೇರವಾಗಿ ಹೇಳಿ.

ಹಂತ 5: ಮೊದಲ ಸಿಟ್ಟಿಂಗ್

ಮೊದಲ ದಿನ ಉಳಿದ ದಿನಗಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ಯೋಜನೆ ಮತ್ತು ಭಂಗಿ ಹೊಂದುತ್ತವೆಯೇ ಎಂದು ಚಿತ್ರ ತೆಗೆದು ತಾಳೆ ನೋಡುತ್ತಾರೆ. ನಂತರದ ದಿನಗಳಲ್ಲಿ ಕೋಣೆಯೊಳಗಿನ ಸಮಯ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ನಿಮಿಷ. ಅದರಲ್ಲಿ ಕಿರಣ ಹೊಮ್ಮುವುದು ಕೆಲವೇ ನಿಮಿಷ, ಉಳಿದದ್ದೆಲ್ಲ ಭಂಗಿ ಸರಿಪಡಿಸುವ ಕೆಲಸ.

ಸಿಬ್ಬಂದಿ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಾರೆ. ನಿಮಗೆ ಅಪಾಯ ಎಂದು ಓಡಿಹೋದರು ಎಂಬ ಭಾವ ಬರುವುದು ಸಹಜ. ಅವರು ದಿನವಿಡೀ, ವರ್ಷವಿಡೀ ಅದೇ ಕೋಣೆಯಲ್ಲಿ ಕೆಲಸ ಮಾಡುವವರು; ಪ್ರತಿ ರೋಗಿಯೊಂದಿಗೂ ಒಳಗೇ ನಿಂತರೆ ಬೇಡದ ಕಿರಣ ಅವರ ಮೈಯಲ್ಲಿ ಸೇರುತ್ತ ಹೋಗುತ್ತದೆ. ನಿಮಗೆ ಆ ಕಿರಣವೇ ಔಷಧಿ. ಹೊರಗಿನಿಂದ ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿರುತ್ತಾರೆ, ಮೈಕಿನಲ್ಲಿ ಮಾತಾಡುತ್ತಾರೆ. ತೊಂದರೆಯಾದರೆ ಗೊತ್ತುಮಾಡಿದ ಸನ್ನೆಯಂತೆ ಕೈ ಎತ್ತಿ: ಯಂತ್ರ ನಿಲ್ಲಿಸಿ ಒಳಗೆ ಬರುತ್ತಾರೆ. ತಟ್ಟನೆ ಎದ್ದು ಕೂರಬೇಡಿ, ಮಂಚ ನೆಲದಿಂದ ಎತ್ತರದಲ್ಲಿರುತ್ತದೆ.

ಯಂತ್ರದ ತೋಳು ನಿಮ್ಮ ಸುತ್ತ ತಿರುಗುತ್ತದೆ, ಹತ್ತಿರ ಬರುತ್ತದೆ, ತಾಗುವುದಿಲ್ಲ. ಗುಂಯ್‌ಗುಡುವ, ಕಟಕಟ ಎನ್ನುವ ಸದ್ದು ಕೇಳುತ್ತದೆ. ನಡುವೆ ಸದ್ದು ನಿಂತರೆ ಕೆಟ್ಟಿತು ಎಂದು ಊಹಿಸಬೇಡಿ, ಕೋನ ಬದಲಾಗುತ್ತಿರಬಹುದು. ನಿಜಕ್ಕೂ ಕೆಟ್ಟರೂ ಕೊಟ್ಟಿರುವ ಪ್ರಮಾಣ ದಾಖಲಾಗಿರುತ್ತದೆ, ಉಳಿದದ್ದನ್ನು ಆಮೇಲೆ ಕೊಡುತ್ತಾರೆ. ತಲೆಗೆ ಚಿಕಿತ್ಸೆ ಪಡೆಯುವ ಕೆಲವರಿಗೆ ಕಣ್ಣು ಮುಚ್ಚಿದ್ದರೂ ನೀಲಿ ಬೆಳಕು ಮಿಂಚಿದಂತೆ ಕಾಣುತ್ತದೆ, ಇಲ್ಲದ ವಾಸನೆಯೊಂದು ಬರುತ್ತದೆ. ಆ ಬೆಳಕು ಕಿರಣ ಕಣ್ಣಿನ ಒಳಭಾಗವನ್ನು ಹಾಯುವಾಗ ಹುಟ್ಟುವ ಚೆರೆಂಕೋವ್ ಬೆಳಕು. ಭ್ರಮೆ ಎಂದು ಹೆದರಿ ಬಾಯಿ ಮುಚ್ಚಿಕೊಂಡಿರುವವರಿದ್ದಾರೆ. ಸಿಬ್ಬಂದಿಗೆ ಹೇಳಿ, ಅವರಿಗಿದು ಗೊತ್ತಿರುವ ವಿಷಯ.

ಹೆಚ್ಚಿನವರಿಗೆ ಏನೂ ಅನ್ನಿಸುವುದಿಲ್ಲ. ಆಗ ಹೊಸ ಚಿಂತೆ ಶುರು: ಏನೂ ಆಗಲಿಲ್ಲವಲ್ಲ, ಚಿಕಿತ್ಸೆ ನಾಟಿತೇ? ನಾಟಿರುತ್ತದೆ. ಕೋಶಗಳು ಸಾಯುವುದು ದಿನಗಳು, ವಾರಗಳ ಕೆಲಸ.

ಹಂತ 6: ನಡುವಿನ ವಾರಗಳು

ಅಡ್ಡಪರಿಣಾಮಗಳು ಮೊದಲ ದಿನವೇ ಅಪರೂಪ. ಆಯಾಸ, ಚರ್ಮ ಕೆಂಪಾಗುವುದು ಸಾಮಾನ್ಯವಾಗಿ ಎರಡು ಮೂರು ವಾರಗಳಾದ ಮೇಲೆ. ಬಾಯಿ, ಗಂಟಲಾದರೆ ಹುಣ್ಣು, ರುಚಿ ಕೆಡುವುದು, ಜೊಲ್ಲು ಅಂಟಾಗುವುದು. ಹೊಟ್ಟೆಯ ಕೆಳಭಾಗವಾದರೆ ಭೇದಿ, ಪದೇ ಪದೇ ಮೂತ್ರ. ಈ ಕಾಲಪಟ್ಟಿ ಮೊದಲೇ ಗೊತ್ತಿದ್ದರೆ ಮೂರನೇ ವಾರದ ಆಯಾಸವನ್ನು ರೋಗ ಉಲ್ಬಣಿಸಿತು ಎಂದು ತಪ್ಪಾಗಿ ಓದುವುದಿಲ್ಲ. ಆಯಾಸಕ್ಕೆ ದಿನವಿಡೀ ಮಲಗಿರುವುದಕ್ಕಿಂತ ಲಘು ನಡಿಗೆ ಒಳ್ಳೆಯದು. ಚಿಕಿತ್ಸೆಯ ಜಾಗಕ್ಕೆ ಬಿಸಿ ಶಾಖ, ಐಸ್, ಯಾರೋ ಹೇಳಿದ ಮುಲಾಮು ಬೇಡ.

ವಾರಕ್ಕೊಮ್ಮೆ ವೈದ್ಯರು ನೋಡುತ್ತಾರೆ. ಸಣ್ಣ ತೊಂದರೆಯನ್ನೂ ಅಲ್ಲಿ ಹೇಳಿ. ಆದರೆ ಇವುಗಳಿಗೆ ವಾರ ಕಾಯಬೇಡಿ, ಆ ದಿನವೇ ಫೋನ್ ಮಾಡಿ: 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನೀರೂ ನುಂಗಲಾಗದ ಸ್ಥಿತಿ, ಉಸಿರಾಟದ ತೊಂದರೆ, ರಕ್ತಸ್ರಾವ, ಮಿದುಳಿನ ಚಿಕಿತ್ಸೆಯಲ್ಲಿರುವವರಿಗೆ ತೀವ್ರ ತಲೆನೋವು, ವಾಂತಿ ಅಥವಾ ಫಿಟ್ಸ್.

ಭಯದಿಂದಲೋ ಬೇಸರದಿಂದಲೋ ಸಿಟ್ಟಿಂಗ್ ತಪ್ಪಿಸಬೇಡಿ. ಒಟ್ಟು ಅವಧಿ ಉದ್ದವಾದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ. ತಲೆ, ಕುತ್ತಿಗೆ ಮತ್ತು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಇದರ ನಷ್ಟ ಸ್ಪಷ್ಟವಾಗಿ ಕಂಡುಬಂದಿದೆ. ಬರಲಾಗದ ದಿನವಿದ್ದರೆ ಮೊದಲೇ ತಿಳಿಸಿ, ಸರಿದೂಗಿಸುವ ದಾರಿ ಅವರಲ್ಲಿರುತ್ತದೆ.

ಹಂತ 7: ಜೊತೆಗಿರುವವರು ಮಾಡಬೇಕಾದದ್ದು

"ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎಂಬ ಮಾತಿನಿಂದ ರೋಗಿಯ ಪ್ರಶ್ನೆ ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. "ಯಾವುದಕ್ಕೆ ಹೆದರಿಕೆ ಆಗುತ್ತಿದೆ?" ಎಂದು ಕೇಳಿ, ಬರೆದುಕೊಳ್ಳಿ, ಮುಂದಿನ ಭೇಟಿಯಲ್ಲಿ ನೀವೇ ಕೇಳಿ. ಬೇರೆ ರೋಗಿಗಳ ಕಥೆ ತಂದು ಹೇಳಬೇಡಿ, ಒಳ್ಳೆಯದಾದರೂ ಸರಿ. ಇನ್ನು, ಏನು ಚಿಕಿತ್ಸೆ ಎಂಬುದನ್ನೇ ರೋಗಿಯಿಂದ ಮುಚ್ಚಿಡುವ ಮನೆಗಳಿವೆ. ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ವಿಕಿರಣದ ಎಚ್ಚರಿಕೆಯ ಫಲಕ ಹಾಕಿದ ಬಾಗಿಲಿನೊಳಗೆ ಒಂಟಿಯಾಗಿ ಹೋಗಬೇಕಾದವರು ಅವರೇ. ಏನೂ ತಿಳಿಸದೆ ಕಳಿಸುವುದು ನನ್ನ ಪ್ರಕಾರ ಕ್ರೂರ.

ಹಂತ 8: ಇಷ್ಟಾದರೂ ಇಳಿಯದಿದ್ದರೆ

ಆಸ್ಪತ್ರೆಗಳಲ್ಲಿ ಬಳಸುವ ಸರಳ ಅಳತೆಯೊಂದಿದೆ. ಕಳೆದ ಒಂದು ವಾರದ ನಿಮ್ಮ ತಳಮಳಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ನಾಲ್ಕು ಅಥವಾ ಹೆಚ್ಚು ಬಂದರೆ ವೈದ್ಯರಿಗೋ ನರ್ಸಿಗೋ ಆ ಅಂಕವನ್ನೇ ಹೇಳಿ. ನಿದ್ದೆಯಿಲ್ಲದೆ ರಾತ್ರಿಗಳು ಉರುಳುತ್ತಿದ್ದರೆ, ಎದೆ ಹೊಡೆದುಕೊಂಡು ಉಸಿರು ಸಿಗದಂತಾಗುತ್ತಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಮಾಹಿತಿಯಿಂದ ಸರಿಹೋಗುವ ಹಂತ ದಾಟಿದೆ ಎಂದರ್ಥ. ಆಪ್ತಸಮಾಲೋಚಕರು ಅಥವಾ ಮನೋವೈದ್ಯರ ನೆರವು ಕೇಳಿ, ಕೊನೆಯದಕ್ಕಾದರೆ ಅಂದೇ.

ಹಂತ 9: ಕೊನೆಯ ಸಿಟ್ಟಿಂಗ್ ಆದ ಮೇಲೆ

ಮುಗಿಯಿತು ಎಂದು ಮನೆಗೆ ಬಂದ ಮೇಲೆ ಚರ್ಮ, ಬಾಯಿಯ ತೊಂದರೆ ಇನ್ನೂ ಒಂದೆರಡು ವಾರ ಏರಬಹುದು, ಆಮೇಲೆ ಇಳಿಯುತ್ತದೆ. ದಿನವೂ ನೋಡಿಕೊಳ್ಳುತ್ತಿದ್ದವರು ಒಮ್ಮೆಲೇ ಇಲ್ಲದಂತಾಗಿ ಆತಂಕ ಮರಳುವುದೂ ಉಂಟು. ಆದ್ದರಿಂದ ಕೊನೆಯ ದಿನ ಹೊರಡುವ ಮುನ್ನ ನಾಲ್ಕು ವಿಷಯ ಬರೆಸಿಕೊಳ್ಳಿ: ಮುಂದಿನ ಭೇಟಿಯ ದಿನಾಂಕ, ಚರ್ಮಕ್ಕೆ ಏನು ಹಚ್ಚಬೇಕು, ಯಾವ ಸ್ಕ್ಯಾನ್ ಯಾವಾಗ, ಮತ್ತು ರಜಾದಿನದಲ್ಲಿ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಒಟ್ಟು ಎಷ್ಟು ಗ್ರೇ, ಯಾವ ಭಾಗಕ್ಕೆ ಎಂಬ ಸಾರಾಂಶ ಪತ್ರವನ್ನೂ ಕೇಳಿ ಪಡೆದು ಕಡತದಲ್ಲಿಡಿ. ವರ್ಷಗಳ ನಂತರ ಬೇರೆ ವೈದ್ಯರು ಮೊದಲು ಕೇಳುವುದು ಅದನ್ನೇ.